ಕೋಶವೂ ಕಥಾಮಾಲೆಯೂ: ಕನ್ನಡವು ಕಿಟ್ಟೆಲ್ಲರನ್ನು ಬರಮಾಡಿಕೊಂಡ ಬಗೆ

ಸಂಡೂರಿನಲ್ಲಿ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರಿದ್ದಾರೆ. ಗಮಕ ಬಲ್ಲವರು, ಶ್ರಾವಣದ ಸಂಜೆಗಳಲ್ಲಿ ಗುಡಿಯ ಜಗಲಿಯ ಮೇಲೆ ಕುಮಾರವ್ಯಾಸನನ್ನು ಓದುವವರು. ಶುಭ ಶುಕ್ರವಾರದ ಪ್ರಸಂಗವನ್ನು ಸಿದ್ಧಪಡಿಸುತ್ತಿದ್ದಾಗ ಒಮ್ಮೆ ನಾನು ಅವರಲ್ಲಿಗೆ ಹೋಗಿ, ‘ಬಲಿ’, ‘ಯಜ್ಞ’, ‘ಹರಕೆ’ ಈ ಮೂರು ಮಾತುಗಳ ನಡುವಿನ ಅಂತರವನ್ನು ಕೇಳಿದೆ. “ತಡೀರಿ ಪಾದ್ರಿಗಳೇ, ಕಿಟ್ಟೆಲ್ ನೋಡೋಣ” ಎಂದು ಒಳಗಿನಿಂದ ಅಂಚು ಹರಿದ ದೊಡ್ಡ ಗ್ರಂಥವನ್ನು ತಂದರು. ಒಬ್ಬ ಮನುಷ್ಯನ ಹೆಸರು ಒಂದು ಪುಸ್ತಕದ ಹೆಸರಾಗಿ, ಆಡುಮಾತಿನಲ್ಲಿ ಪ್ರಮಾಣದ ಹೆಸರಾಗಿ ನಿಂತಿರುವುದು ಕನ್ನಡದಲ್ಲಿ ವಿರಳ. ಮಾತಿನ ನಡುವೆ ನಾನು, ಇದೇ ಕಿಟ್ಟೆಲ್ಲರು ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ಬರೆದಿದ್ದಾರೆ, ಅದರ ಹೆಸರು ‘ಕಥಾಮಾಲೆ’ ಎಂದೆ. “ಹೌದೇನ್ರಿ?” ಎಂದರು. ನಲವತ್ತು ವರ್ಷ ಆ ಕೋಶವನ್ನು ತಿರುವಿದ ಕೈ ಒಂದು ಕ್ಷಣ ಹಾಗೆಯೇ ನಿಂತಿತು. ಆ ‘ಹೌದೇನ್ರಿ’ ಎಂಬ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಪರದೇಶದ ಲೇಖಕನೊಬ್ಬನನ್ನು ಒಂದು ಸಾಹಿತ್ಯ ಸಂಸ್ಕೃತಿಯು ಬರಮಾಡಿಕೊಳ್ಳುವಾಗ ಅವನನ್ನು ಇಡಿಯಾಗಿ ಬರಮಾಡಿಕೊಳ್ಳುವುದಿಲ್ಲ. ತನಗೆ ಬೇಕಾದುದನ್ನು ಆರಿಸಿಕೊಂಡು ಉಳಿದುದನ್ನು ಹೊಸಿಲಾಚೆ ಬಿಡುತ್ತದೆ. ಆದುದರಿಂದ ಅಂಥ ಲೇಖಕನ ಚರಿತ್ರೆಯಲ್ಲಿ ಸ್ವೀಕೃತವಾದುದರಷ್ಟೇ ತಿರಸ್ಕೃತವಾದುದನ್ನೂ ಓದಬೇಕಾಗುತ್ತದೆ. ಕಿಟ್ಟೆಲ್ಲರ ವಿಷಯದಲ್ಲಿ ನಮ್ಮ ಸಭಾಸೇವಕರ ನಡುವೆ ಒಂದು ದೂರು ಬಹುಕಾಲದಿಂದ ಇದೆ: ಕನ್ನಡದವರು ಅವರ ಕೋಶವನ್ನು ತೆಗೆದುಕೊಂಡರು, ಅವರ ಸುವಾರ್ತೆಯನ್ನು ಬಿಟ್ಟರು. ಕೇಳಲು ಇದು ನ್ಯಾಯವಾದ ದೂರೆಂದು ತೋರುತ್ತದೆ. ಆದರೆ ಕಾಲಾನುಕ್ರಮವನ್ನು ಎದುರಿಗಿಟ್ಟುಕೊಂಡು ನೋಡಿದಷ್ಟೂ ಈ ದೂರು ನನಗೆ ಸಡಿಲವಾಗುತ್ತ ಬಂದಿದೆ.

ಫರ್ಡಿನೆಂಡ್ ಕಿಟ್ಟೆಲ್ಲರು ಹುಟ್ಟಿದ್ದು 1832ರಲ್ಲಿ, ಜರ್ಮನಿಯ ವಾಯವ್ಯದ ಕಡಲಂಚಿನ ಸೀಮೆಯಲ್ಲಿ. ನಮ್ಮ ಬಳ್ಳಾರಿಯ ಓದುಗರು ಆ ಇಸವಿಯನ್ನು ಬೇರೊಂದು ಕಾರಣಕ್ಕೂ ನೆನೆಯಬೇಕು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲಿನ ಕನ್ನಡ ಅನುವಾದಕ್ಕೆ ಕೈಹಾಕಿದರು; ಅವರೊಡನೆ ದುಡಿದ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾದದ್ದು ಇದೇ 1832ರಲ್ಲಿ. ಕಿಟ್ಟೆಲ್ ಎಂಬ ಶಿಶು ಕಣ್ಣುಬಿಟ್ಟ ವರ್ಷದಲ್ಲಿಯೇ, ಮುಂದೆ ಆತ ಮೀರಿಸಬೇಕಾಗಿದ್ದ ಕೋಶವು ನಮ್ಮ ನಾಡಿನ ಕೆಲಸಗಾರರ ಕೈಯಿಂದ ಹೊರಬಿದ್ದಿತ್ತು. ಬಾಸೆಲ್ ಮಿಷನ್ನಿನಿಂದ ಕಿಟ್ಟೆಲ್ಲರು ಭಾರತಕ್ಕೆ ಬಂದದ್ದು 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಅವರ ಸೇವೆ ಸಾಗಿತು. 1862ರಲ್ಲಿ ‘ಕಥಾಮಾಲೆ’, 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ದ ಸಂಪಾದನೆ, ಅದೇ ವರ್ಷ ಯಜ್ಞವನ್ನು ಕುರಿತ ‘ಯಜ್ಞಸುಧಾನಿಧಿ’, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯ ಸಂಪಾದನೆ, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕೋಶ, 1903ರಲ್ಲಿ, ಟ್ಯೂಬಿಂಗೆನ್ನಿನಲ್ಲಿ ಅವರು ತೀರಿಕೊಂಡ ವರ್ಷವೇ, ಕನ್ನಡ ವ್ಯಾಕರಣ.

ಈ ಇಸವಿಗಳ ಸಾಲನ್ನು ಅಲಂಕಾರಕ್ಕಾಗಿ ಬರೆದುದಲ್ಲ. ಕನ್ನಡ ಛಂದಸ್ಸಿನಲ್ಲಿ ಯೇಸುವಿನ ಕಥೆಯನ್ನು ಹೇಳುವ ಗ್ರಂಥವು, ಕನ್ನಡ ಛಂದಸ್ಸಿನ ಶಾಸ್ತ್ರಗ್ರಂಥವನ್ನು ಅವರು ಸಂಪಾದಿಸುವುದಕ್ಕೆ 13 ವರ್ಷ ಮೊದಲೇ ಪ್ರಕಟವಾಯಿತು. ಅಂದರೆ ಮೊದಲು ಹಾಡಿದರು, ಅನಂತರ ತಾವು ಹಾಡಿದ ಮಟ್ಟಿನ ಲಕ್ಷಣವನ್ನು ಆಳವಾಗಿ ಅಭ್ಯಾಸ ಮಾಡಿದರು. ಅವರ ಬರವಣಿಗೆಯ ಹಾದಿಯನ್ನು ಹೀಗೆ ಗುರುತಿಸಬಹುದು: ಮೂವತ್ತನೆಯ ವಯಸ್ಸಿನಲ್ಲಿ ಉಪದೇಶಿಸುವ ಕವಿ, ನಲವತ್ತರಲ್ಲಿ ವಾದಿಸುವ ಪಂಡಿತ, ಅರುವತ್ತು ದಾಟಿದ ಮೇಲೆ ಕೇಳಿಸಿಕೊಳ್ಳುವ ಕೋಶಕಾರ. ಕನ್ನಡವು ಒಪ್ಪಿಕೊಂಡದ್ದು ಕೊನೆಯವನನ್ನು.

ಒಪ್ಪಿಕೊಂಡ ಪರಿ ಸಾಮಾನ್ಯದ್ದಲ್ಲ. ಸುಮಾರು 70,000 ಪದಗಳ, 1,700ಕ್ಕೂ ಹೆಚ್ಚು ಪುಟಗಳ ಈ ಗ್ರಂಥವನ್ನು 1968ರಿಂದ 1971ರವರೆಗೆ ಮದ್ರಾಸು ವಿಶ್ವವಿದ್ಯಾನಿಲಯವು ಎಂ. ಮರಿಯಪ್ಪ ಭಟ್ಟರ ಪರಿಷ್ಕರಣದೊಡನೆ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಭಟ್ಟರು ಎಷ್ಟು ಸೇರಿಸಿದರೂ ಅದು ಕಿಟ್ಟೆಲ್ ಕೋಶವಾಗಿಯೇ ಉಳಿಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1970ರಲ್ಲಿ ಆರಂಭವಾಗಿ 1995ರಲ್ಲಿ ಮುಗಿದ ಮೇಲೂ ಹಳ್ಳಿಯ ಮೇಷ್ಟರ ಕಪಾಟಿನಿಂದ ಹಳೆಯ ಕಿಟ್ಟೆಲ್ ಇಳಿದಿಲ್ಲ. ಬೆಂಗಳೂರಿನಲ್ಲಿ ಅವರ ಪ್ರತಿಮೆಯಿದೆ, ಅವರ ಹೆಸರಿನ ಬಡಾವಣೆಯಿದೆ. ಪರಭಾಷೆಯ ಕವಿಗಳಿಗೂ ಕಾದಂಬರಿಕಾರರಿಗೂ ಸಿಕ್ಕದ ಸ್ಥಾನ ಇದು. ಅವರನ್ನು ನಾವು ಅನುವಾದದ ಮೂಲಕ ಅರಿತೆವು. ಕಿಟ್ಟೆಲ್ಲರ ಮೂಲಕ ನಮ್ಮನ್ನೇ ಅರಿತೆವು.

ಇದಕ್ಕೆ ಕಾರಣವು ಆ ಕೋಶದ ಒಡಲಲ್ಲಿಯೇ ಇದೆ. ಮಿಷನರಿಯ ನಿಘಂಟೆಂದರೆ ಬೋಧಕನಿಗೆ ಬೇಕಾದ ಮಾತುಗಳ ಪಟ್ಟಿಯಾಗಿರಬಹುದಿತ್ತು, ಇದು ಹಾಗಿಲ್ಲ. ಮಾತಿಗೆ ಅರ್ಥ ಹೇಳಿ ಸುಮ್ಮನಾಗದೆ, ಆ ಮಾತು ಯಾವ ಕವಿಯ ಬಾಯಲ್ಲಿ ಹೇಗೆ ಬಂದಿದೆ, ದಾಸರ ಪದದಲ್ಲಿ ಹೇಗಿದೆ, ಗಾದೆಯಲ್ಲಿ ಎಲ್ಲಿ ಕುಳಿತಿದೆ ಎಂಬುದನ್ನು ಎತ್ತಿ ತೋರಿಸುತ್ತದೆ. ಬಳಕೆ ತಪ್ಪಿಹೋಗಿದ್ದ ಹಳಗನ್ನಡದ ಱಕಾರ, ೞಕಾರಗಳನ್ನು ಅವುಗಳ ಸ್ಥಾನದಲ್ಲಿ ಇಟ್ಟು ಕೊಡುತ್ತದೆ. ತಮಿಳು, ತೆಲುಗು, ತುಳು, ಮಲಯಾಳಗಳ ಸೋದರ ಪದಗಳನ್ನು ಪಕ್ಕದಲ್ಲಿ ಕೂಡಿಸುತ್ತದೆ. ಸಂಸ್ಕೃತವೇ ದ್ರಾವಿಡದಿಂದ ಪಡೆದಿರಬಹುದಾದ ಶಬ್ದಗಳ ಪಟ್ಟಿಯನ್ನು ಮುನ್ನುಡಿಯಲ್ಲಿ ಕೊಡುವ ಧೈರ್ಯ ಮಾಡುತ್ತದೆ. ಈ ಕೆಲಸದಲ್ಲಿ ಕನ್ನಡ ಪಂಡಿತರ ನೆರವು ಪಡೆದುದನ್ನು ಅವರು ಮುಚ್ಚಿಡಲಿಲ್ಲ. ಅವರ ದೈವಗಳಲ್ಲಿ ಕೋಶಕಾರನಿಗೆ ನಂಬಿಕೆಯಿರಲಿಲ್ಲ. ಆದರೆ ಅವರ ಕಿವಿಯಲ್ಲಿ ನಂಬಿಕೆಯಿತ್ತು. ಪ್ರಸಾದ, ಜಂಗಮ, ಲಿಂಗ ಮೊದಲಾದ ಮಾತುಗಳಿಗೆ ಬಂದಾಗ ಆ ಮಾತನ್ನು ಆಡುವವನ ಅರ್ಥವನ್ನು ಕೊಡುವುದು ಕೋಶದ ಧರ್ಮ. ಆ ಧರ್ಮಕ್ಕೆ ಅವರು ನಿಷ್ಠರಾದರು. ಕನ್ನಡಿಗನೊಬ್ಬನು ಈ ಪುಟಗಳನ್ನು ತೆರೆದಾಗ ತನ್ನ ಅಜ್ಜಿಯ ಮಾತು ಅಲ್ಲಿ ಯಾರ ಟೀಕೆಗೂ ಒಳಗಾಗದೆ ಕುಳಿತಿರುವುದನ್ನು ಕಾಣುತ್ತಾನೆ.

ಇನ್ನು ಕಥಾಮಾಲೆ. ಕ್ರಿಸ್ತಚರಿತೆಯನ್ನು ಕನ್ನಡದ ಛಂದಸ್ಸಿನಲ್ಲಿ, ಹಾಡಿಕೆಗೆ ಒಗ್ಗುವ ಧಾಟಿಯಲ್ಲಿ ನಿರೂಪಿಸಿದ ಈ ಕೃತಿಯ ಆಶಯವು ಉದಾತ್ತವಾದುದು. ಗದ್ಯದಲ್ಲಿ ಅಚ್ಚಾದ ಕಿರುಪುಸ್ತಕಗಳನ್ನು ಸಂತೆಯಲ್ಲಿ ಹಂಚುತ್ತಿದ್ದ ಕಾಲದಲ್ಲಿ, ಈ ನಾಡಿನ ಜನ ಧರ್ಮದ ಕಥೆಯನ್ನು ಓದುವುದಿಲ್ಲ, ಕೇಳುತ್ತಾರೆ ಎಂಬುದನ್ನು ಕಿಟ್ಟೆಲ್ಲರು ಕಂಡುಕೊಂಡಿದ್ದರು. ಕುಮಾರವ್ಯಾಸನೂ ಲಕ್ಷ್ಮೀಶನೂ ಮನೆಮನೆಯನ್ನು ಹೊಕ್ಕದ್ದು ಕಿವಿಯ ಬಾಗಿಲಿನಿಂದ. ಆ ಬಾಗಿಲಿನಿಂದಲೇ ನಜರೇತಿನವನೂ ಒಳಗೆ ಬರಲಿ ಎಂಬುದು ಅವರ ಹಂಬಲ. ಅದನ್ನು ಮಹಾಕಾವ್ಯವೆಂದು ಯಾರೂ ವಾದಿಸಲಾರರು. ಆದರೆ ಅದಕ್ಕಿಂತ ಸಾಧಾರಣವಾದ ಎಷ್ಟೋ ಪದ್ಯಗಳನ್ನು ಕನ್ನಡದ ಜಗಲಿಗಳು ತಲೆಮಾರುಗಟ್ಟಲೆ ಬಾಯಲ್ಲಿ ಉಳಿಸಿಕೊಂಡಿವೆ. ಇದನ್ನು ಉಳಿಸಿಕೊಳ್ಳಲಿಲ್ಲ. ಏಕೆ?

ಸಿದ್ಧವಾದ ಉತ್ತರಗಳು ಎರಡಿವೆ. ಬರೆದವನು ಹೊರಗಿನವನು ಎಂಬುದೊಂದು. ವಸ್ತು ಅನ್ಯಧರ್ಮದ್ದು ಎಂಬುದು ಮತ್ತೊಂದು. ಮೊದಲನೆಯದಕ್ಕೆ ಕೋಶವೇ ಪ್ರತ್ಯುತ್ತರ. ಎರಡನೆಯದಕ್ಕೆ ಗಡಿನಾಡಿನ ಮಂಜೇಶ್ವರದಿಂದ ಪ್ರತ್ಯುತ್ತರ ಬಂದಿದೆ. ಎಂ. ಗೋವಿಂದ ಪೈಗಳು 1930ರ ದಶಕದಲ್ಲಿ ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನು ಪ್ರಕಟಿಸಿದರು. ಕ್ರಿಸ್ತನ ಕೊನೆಯ ದಿನವನ್ನು ಕುರಿತ ಆ ಕಾವ್ಯವನ್ನು ಕನ್ನಡವು ತನ್ನ ನವೋದಯದ ಹೆಮ್ಮೆಯ ಕೃತಿಗಳಲ್ಲಿ ಒಂದೆಂದು ಎಣಿಸಿತು; ಪಠ್ಯಪುಸ್ತಕಗಳಿಗೆ ತಂದಿತು. ಶಿಲುಬೆಯ ಕಥೆಯು ಕನ್ನಡಕ್ಕೆ ಅರುಚಿಯಾಗಿದ್ದರೆ ಹೀಗಾಗುತ್ತಿರಲಿಲ್ಲ. ಪೈಗಳು ಕ್ರಿಸ್ತನನ್ನು ಕೊಟ್ಟರು, ಆದರೆ ಪ್ರತಿಯಾಗಿ ಓದುಗನಿಂದ ಏನನ್ನೂ ಕೇಳಲಿಲ್ಲ. ಕಥಾಮಾಲೆಯ ಹಿಂದೆ ಒಂದು ಕೇಳಿಕೆಯಿತ್ತು. ಕೇಳಿಕೆ ತಪ್ಪೆಂದು ನಾನು ಹೇಳಲಾರೆ, ಹೇಳಿದರೆ ನನ್ನ ಸೇವೆಯನ್ನೇ ಅಲ್ಲಗಳೆದಂತಾದೀತು. ಆದರೆ ಅದು ಇತ್ತೆಂಬುದನ್ನು ಓದುಗನು ಮೊದಲ ಸಾಲಿನಲ್ಲಿಯೇ ಗುರುತಿಸುತ್ತಾನೆ ಎಂಬುದನ್ನು ನಾವು ಮರೆಯಬಾರದು.

ಇನ್ನೂ ಹತ್ತಿರದ ಸಾಕ್ಷಿಯೊಂದಿದೆ. ಹೊಸಪೇಟೆಯ ಪಶ್ಚಿಮಕ್ಕೆ ಹೂವಿನ ಹಡಗಲಿಯ ತಾಲ್ಲೂಕಿನಲ್ಲಿ ಉತ್ತಂಗಿ ಎಂಬ ಊರಿದೆ. ಆ ಊರಿನ ಹೆಸರು ಹೊತ್ತ ರೆವರೆಂಡ್ ಚನ್ನಪ್ಪ ಉತ್ತಂಗಿಯವರು (1881–1962) ಬಾಸೆಲ್ ಮಿಷನ್ನಿನ ಸಭಾಪಾಲಕರು. ಕಿಟ್ಟೆಲ್ಲರು ಪದಗಳನ್ನು ಕೂಡಿಹಾಕಿದರೆ ಉತ್ತಂಗಿಯವರು ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿದರು; ಹಸ್ತಪ್ರತಿಗಳಿಂದಲೂ ಜನರ ಬಾಯಿಂದಲೂ ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಅವರ ಸಂಪುಟದಿಂದ ಸರ್ವಜ್ಞನು ಕನ್ನಡಕ್ಕೆ ಒಟ್ಟಾಗಿ ದೊರೆತನು. ಅನುಭವಮಂಟಪದ ಐತಿಹಾಸಿಕತೆಯನ್ನು ಕುರಿತ ವಿವಾದದಲ್ಲಿ ಶರಣರ ಪರವಾಗಿ ನಿಂತು ಬರೆದವರೂ ಈ ಪಾದ್ರಿಗಳೇ. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನು ಅಧ್ಯಕ್ಷರನ್ನಾಗಿ ಕರೆಯಿತು. ಆದರೆ ಇದೇ ಉತ್ತಂಗಿಯವರು ಬೆತ್ಲೆಹೇಮು ಬನಾರಸಿಗೆ ಸಲ್ಲಿಸುವ ವಿನಂತಿಯ ರೂಪದಲ್ಲಿ ಒಂದು ಕೃತಿಯನ್ನೂ ಬರೆದಿದ್ದರು. ಸರ್ವಜ್ಞನ ಸಂಪುಟವು ಅಚ್ಚಿನ ಮೇಲೆ ಅಚ್ಚು ಕಂಡಿತು. ವಿನಂತಿಯ ಪುಸ್ತಕದ ಹೆಸರನ್ನು ಹೇಳಬಲ್ಲವರು ಇಂದು ನಮ್ಮ ನಡುವೆಯೇ ಎಷ್ಟು ಮಂದಿ?

ಉತ್ತಂಗಿಯವರು ಹೊರಗಿನವರಲ್ಲ. ‘ತಿರುಳ್ಗನ್ನಡದ ತಿರುಕ’ ಎಂದು ಹೆಸರಾದವರನ್ನು ಪರದೇಶಿಯೆನ್ನಲು ಬಾರದು. ಆದರೂ ಕಿಟ್ಟೆಲ್ಲರಿಗೆ ಆದದ್ದೇ ಅವರಿಗೂ ಆಯಿತು: ಕೇಳಿ ಬರೆದುದನ್ನು ಕನ್ನಡವು ಎತ್ತಿಕೊಂಡಿತು, ಹೇಳಲು ಬರೆದುದನ್ನು ಕೆಳಗಿಟ್ಟಿತು. ಹಾಗಿದ್ದ ಮೇಲೆ ಕಾರಣವನ್ನು ಲೇಖಕನ ಚರ್ಮದಲ್ಲಿಯೂ ವಸ್ತುವಿನ ಮತದಲ್ಲಿಯೂ ಹುಡುಕುವುದು ವ್ಯರ್ಥ.

ಕಥಾಮಾಲೆಗೆ ಒದಗಿದ ಮರೆವಿನಲ್ಲಿ ಮತ್ತೊಂದು ಅಂಶವಿದೆ. ನಾವು ಆಡುವ ದೂರಿನಲ್ಲಿ ಅದನ್ನು ಯಾವಾಗಲೂ ಬಿಟ್ಟು ಹೇಳುತ್ತೇವೆ. ಹಾಡುಗಬ್ಬವು ಪುಸ್ತಕದಂಗಡಿಯಲ್ಲಿ ಬದುಕುವುದಿಲ್ಲ. ಅದನ್ನು ಬಾಯಲ್ಲಿಟ್ಟುಕೊಳ್ಳುವ ಸಮುದಾಯವೊಂದು ಬೇಕು. ಕುಮಾರವ್ಯಾಸನಿಗೆ ಗಮಕಿಗಳಿದ್ದರು, ದಾಸರಿಗೆ ಭಜನೆಯ ಮೇಳಗಳಿದ್ದವು. ಕಥಾಮಾಲೆಗೆ ಇರಬೇಕಾಗಿದ್ದದ್ದು ಕ್ರೈಸ್ತ ಸಭೆ. ಆ ಸಭೆಯೋ ಭಾನುವಾರದ ಆರಾಧನೆಯಲ್ಲಿ ಜರ್ಮನ್ ಮತ್ತು ಇಂಗ್ಲಿಷ್ ರಾಗಗಳಿಗೆ ಅಕ್ಷರ ಹೊಂದಿಸಿದ ಗೀತೆಗಳನ್ನು ಹಾಡುತ್ತಿತ್ತು. ಹಿಂದೂಸ್ಥಾನದ ಧಾಟಿಯೆಂದರೆ ಬಿಟ್ಟು ಬಂದ ಗುಡಿಯ ನೆನಪು ಎಂಬ ಅಂಜಿಕೆ ಅದಕ್ಕಿತ್ತು. ಆ ಅಂಜಿಕೆಯನ್ನು ನಾನು ಹಗುರಾಗಿ ಎಣಿಸುವುದಿಲ್ಲ. ಮನೆ, ಜಾತಿ, ಊರೂಟ ಎಲ್ಲವನ್ನೂ ಬಿಟ್ಟು ಬಂದವರಿಗೆ ಹಳೆಯ ಮಟ್ಟೊಂದು ಎಂಥ ನೋವನ್ನು ಕೆದಕುತ್ತದೆಂಬುದು ಮಿಷನರಿಗೆ ತಿಳಿಯದಿರಬಹುದು. ಕಿಟ್ಟೆಲ್ಲರು ಯಾವುದನ್ನು ಸೇತುವೆಯೆಂದು ಕಟ್ಟಿದರೋ ಅದು ದಾಟಿ ಬಂದವರ ಕಣ್ಣಿಗೆ ಹಿಂದಿರುಗುವ ಹಾದಿಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಏನೇ ಇರಲಿ, ಕಥಾಮಾಲೆಯನ್ನು ಮೊದಲು ಕೈಬಿಟ್ಟವರು ಕನ್ನಡದ ವಿಮರ್ಶಕರಲ್ಲ. ಅವರಿಗೆ ಅದು ತಲುಪುವ ಮೊದಲೇ ನಾವು ಅದನ್ನು ಹಾಡದೆ ಬಿಟ್ಟಿದ್ದೆವು.

ಮಿಷನ್ನಿನೊಳಗೂ ಕಿಟ್ಟೆಲ್ಲರ ಹಾದಿ ಸುಗಮವಾಗಿರಲಿಲ್ಲ. ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಒಂಬತ್ತನೆಯ ಅಧ್ಯಾಯದಲ್ಲಿ ಯೆಹೂದ್ಯರಿಗೆ ಯೆಹೂದ್ಯನಂತಾದುದನ್ನು ಹೇಳುತ್ತಾನೆ. ಭಾರತೀಯರಿಗೆ ಭಾರತೀಯನಾಗಬೇಕೆಂಬ ಹಂಬಲವನ್ನು ಕಿಟ್ಟೆಲ್ಲರು ಅಲ್ಲಿಂದ ಪಡೆದರು. ಸಹೋದ್ಯೋಗಿಗಳಿಗೆ ಈ ಹುಮ್ಮಸ್ಸೂ ಈ ಪಾಂಡಿತ್ಯವೂ ಅಷ್ಟಾಗಿ ರುಚಿಸಲಿಲ್ಲ. ಸುವಾರ್ತೆ ಸಾರಬೇಕಾದವನು ಕೇಶಿರಾಜನ ಸೂತ್ರಗಳ ಮೇಲೆ ಎಣ್ಣೆ ಸುಡುವುದೇಕೆ ಎಂಬ ಪ್ರಶ್ನೆಯನ್ನು ಅಂದಿನವರು ಕೇಳಿದರು. ಇಂದು ನಮ್ಮ ಸೆಮಿನರಿಗಳಲ್ಲಿಯೂ ಕೇಳುವವರಿದ್ದಾರೆ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಅವರ ಪಾಂಡಿತ್ಯಕ್ಕೆ. ರಾಜ್ಯೋತ್ಸವದ ವೇದಿಕೆಗಳಲ್ಲಿ ‘ಕಿಟ್ಟೆಲ್ ನಮ್ಮವರು’ ಎಂದು ನಾವು ಎದೆ ತಟ್ಟಿಕೊಳ್ಳುವಾಗ, ಬದುಕಿದ್ದಾಗ ಅವರನ್ನು ‘ನಮ್ಮವರು’ ಎಂದವರು ಎಷ್ಟು ಕಡಿಮೆಯಿದ್ದರೆಂಬುದು ನೆನಪಿಗೆ ಬಂದರೆ ಒಳ್ಳೆಯದು.

ಕನ್ನಡದ ಸ್ವೀಕಾರವು ಪೂರ್ಣ ನಿರ್ದೋಷವೆಂದು ನನ್ನ ಅಭಿಪ್ರಾಯವಲ್ಲ. ‘ಕನ್ನಡವನ್ನು ಪ್ರೀತಿಸಿದ ವಿದೇಶಿ’ ಎಂಬ ಒಂದು ಚೌಕಟ್ಟನ್ನು ಸಿದ್ಧಮಾಡಿ, ಅದರೊಳಗೆ ಕಿಟ್ಟೆಲ್ಲರನ್ನು ಕೂರಿಸಿ ಹಾರ ಹಾಕಿದ್ದಾಯಿತು. ಪ್ರೀತಿಗೆ ಕಾರಣವೇನೆಂದು ಆ ಚೌಕಟ್ಟು ಕೇಳುವುದಿಲ್ಲ. ಇದಕ್ಕೆ ಎದುರಾಗಿ, ಮಿಷನರಿಗಳ ಭಾಷಾಕಾರ್ಯವೆಲ್ಲ ವಸಾಹತು ಆಡಳಿತದ ಉಪಕರಣವೆನ್ನುವ ವಿಮರ್ಶೆಯೂ ಇದೆ. ಯಜ್ಞಸುಧಾನಿಧಿಯ ಮಟ್ಟಿಗೆ ಆ ಶಂಕೆಯಲ್ಲಿ ಹುರುಳಿಲ್ಲವೆನ್ನಲಾರೆ: ಇನ್ನೊಬ್ಬರ ಯಜ್ಞವನ್ನು ತನ್ನ ಬಲಿಯ ನೆರಳೆಂದು ಓದುವಾಗ, ಓದಿಸಿಕೊಂಡವನಿಗೆ ತನ್ನ ಮನೆಯ ಕಂಬವನ್ನು ಬೇರೆಯವರ ಚಪ್ಪರಕ್ಕೆ ಒಯ್ದಂತೆ ಅನಿಸುವುದು ಸಹಜ. ಆದರೆ ಕೋಶದ 1,700 ಪುಟಗಳನ್ನು ಈ ಒಂದೇ ಸೂತ್ರದಿಂದ ಕಟ್ಟಲಾಗದು. ಅಧಿಕಾರಿಗೆ ಬೇಕಾದದ್ದು ಕಂದಾಯದ ಮಾತು. ೞಕಾರದ ಹಿಂದೆ ಕಣ್ಣು ಮಂಜಾಗುವವರೆಗೆ ಹೋದವನನ್ನು ಕಂದಾಯವು ಕಳುಹಿಸಿರಲಾರದು.

ಅವರನ್ನು ಕಳುಹಿಸಿದ್ದು ಯಾವುದು? ಈ ಪತ್ರಿಕೆಯ ಓದುಗರ ಮುಂದೆ ಸಂಕೋಚವಿಲ್ಲದೆ ಹೇಳಬಹುದು: ಅದು ದೇವಶಾಸ್ತ್ರ. ಪಂಚಾಶತ್ತಮ ದಿನದ ವೃತ್ತಾಂತದಲ್ಲಿ ನಾವು ಸಾಮಾನ್ಯವಾಗಿ ನಾಲಗೆಗಳನ್ನು ಕುರಿತು ಮಾತನಾಡುತ್ತೇವೆ. ಆದರೆ ಅಪೊಸ್ತಲರ ಕೃತ್ಯಗಳು ಎರಡನೆಯ ಅಧ್ಯಾಯವು ಮತ್ತೆ ಮತ್ತೆ ಒತ್ತಿಹೇಳುವುದು ಜನರು ತಮ್ಮ ತಮ್ಮ ಹುಟ್ಟುಭಾಷೆಯಲ್ಲಿ ಕೇಳಿದರೆಂಬುದನ್ನು. ಪಾರ್ಥಿಯದವನ ಭಾಷೆಯನ್ನು ಅಳಿಸಿ ಗಲಿಲಾಯದ ಭಾಷೆಯನ್ನು ಅಲ್ಲಿ ಹೇರಲಿಲ್ಲ. ಈ ದೃಷ್ಟಿಯಿಂದ ಕಥಾಮಾಲೆಯನ್ನು ದೇವಶಾಸ್ತ್ರದ ಕೃತಿಯೆಂದೂ ಕೋಶವನ್ನು ಲೌಕಿಕ ಕೃತಿಯೆಂದೂ ವಿಂಗಡಿಸುವುದು ನಮ್ಮ ತಪ್ಪು. ನೆರೆಯವನ ಮಾತಿಗೆ ಅವನ ಅರ್ಥವನ್ನೇ ಬರೆದುಕೊಡುವುದು, ತನ್ನ ಅರ್ಥವನ್ನು ಅದರ ಮೇಲೆ ಹೊರಿಸದಿರುವುದು, ನೆರೆಯವನನ್ನು ಪ್ರೀತಿಸುವ ಆಜ್ಞೆಗೆ ವಿಧೇಯತೆ ತಾನೆ? ಕನ್ನಡವು ಕಿಟ್ಟೆಲ್ಲರ ಸುವಾರ್ತೆಯನ್ನು ಬಿಟ್ಟಿತೆಂದು ದೂರುವವರು, ಆ ಸುವಾರ್ತೆ ಕಥಾಮಾಲೆಯಲ್ಲಿ ಮಾತ್ರ ಇತ್ತೆಂದು ಮೊದಲೇ ತೀರ್ಮಾನಿಸಿಕೊಂಡಿರುತ್ತಾರೆ.

ಸಂಡೂರಿನಂಥ ಊರಿನಲ್ಲಿ ಈ ಮಾತು ಬರಿಯ ಸಾಹಿತ್ಯಚರಿತ್ರೆಯಾಗಿ ಉಳಿಯುವುದಿಲ್ಲ. ಘೋರ್ಪಡೆ ಸಂಸ್ಥಾನದ ಮರಾಠಿ, ಪಕ್ಕದ ಸೀಮೆಯ ತೆಲುಗು, ತಾಂಡಾಗಳ ಲಂಬಾಣಿ, ಗಣಿಗೆ ಕೂಲಿಗೆ ಬಂದವರ ಹತ್ತು ಬಗೆಯ ಕನ್ನಡ ಇವೆಲ್ಲ ಇಲ್ಲಿನ ಸಂತೆಯಲ್ಲಿ ಒಂದರೊಳಗೊಂದು ಬೆರೆತಿವೆ. ‘ಅದಿರು’ ಎಂಬ ಹಳೆಯ ಮಾತು ಇಲ್ಲಿ ಮಕ್ಕಳ ಬಾಯಲ್ಲಿದೆ, ಮನೆಯ ಗೋಡೆಯ ಮೇಲಿನ ಕೆಂಪು ದೂಳಿನಲ್ಲಿದೆ. ನಮ್ಮ ಪ್ರಸಂಗಪೀಠದ ಕನ್ನಡವೋ ಇವರಾರೂ ಆಡದ ಕನ್ನಡ. ಸೆಮಿನರಿಯಲ್ಲಿ ಇಂಗ್ಲಿಷಿನಿಂದ ಕಲಿತು, ಬೈಬಲಿನ ಹಳೆಯ ಅನುವಾದದ ಅಂಚಿನಿಂದ ಹೊಲಿದ ಕನ್ನಡ. ‘ವಿಮೋಚನೆ’ ಎಂದು ನಾನು ಪೀಠದಿಂದ ನುಡಿದಾಗ ಮುಂದೆ ಕುಳಿತ ಗಣಿಕೂಲಿಯ ಹೆಂಗಸು ಯಾವ ಸಾಲದ, ಯಾವ ಜೀತದ ನೆನಪಿನಿಂದ ಅದನ್ನು ಕೇಳುತ್ತಾಳೆಂದು ನಾನು ಒಂದು ಚೀಟಿಯಲ್ಲಿಯೂ ಬರೆದುಕೊಂಡವನಲ್ಲ. ಕಿಟ್ಟೆಲ್ಲರು ಬರೆದುಕೊಂಡಿದ್ದರು.

ಕಳೆದ ಕ್ರಿಸ್ಮಸ್ಸಿಗೆ ಮುಂಚೆ ಆ ಅಧ್ಯಾಪಕರು ಪೇಟೆಯಲ್ಲಿ ಸಿಕ್ಕಿದರು. ಕಥಾಮಾಲೆಯ ಮಾತನ್ನು ಅವರು ಮರೆತಿರಲಿಲ್ಲ. “ನಿಮ್ಮ ಹಬ್ಬಕ್ಕೆ ಅದನ್ನ ಒಂದು ಸಂಜೆ ಓದೋಣಂತೆ, ಪುಸ್ತಕ ಕೊಡ್ರಿ, ಯಾವ ಮಟ್ಟು, ಯಾವ ರಾಗ ಕೂಡ್ತದ ನೋಡ್ತೀನಿ” ಎಂದರು. ಹೂಂ ಎಂದು ಮನೆಗೆ ಬಂದು ನಮ್ಮ ಸಭೆಯ ಕಪಾಟನ್ನು ತೆರೆದೆ. ಆರಾಧನಾಕ್ರಮದ ಪುಸ್ತಕಗಳಿದ್ದವು, ಗೀತೆಗಳ ಪುಸ್ತಕದ ಮೂರು ಆವೃತ್ತಿಗಳಿದ್ದವು, ಮೇಲಿನ ಹಲಗೆಯ ಮೇಲೆ ದೂಳು ಹಿಡಿದ ಕಿಟ್ಟೆಲ್ ಕೋಶವೂ ಇತ್ತು. ಕಥಾಮಾಲೆ ಇರಲಿಲ್ಲ.